ಮಗು ಎಲ್ಲಿ ವಾಸ, ಕೇಸು ಎಲ್ಲಿ? ಹಾಸನಕ್ಕೂ ಬೆಂಗಳೂರಿಗೂ ನಡುವೆ ಸಿಕ್ಕಿಕೊಳ್ಳುವ ಕಸ್ಟಡಿ ಅರ್ಜಿಗಳು

ಗಂಡ ಹೆಂಡತಿ ಬೇರೆಯಾದರು. ಮಗು ಯಾರ ಹತ್ತಿರ ಇರಬೇಕು? ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲು ಕೋರ್ಟು ಇನ್ನೊಂದು ಪ್ರಶ್ನೆ ದಾಟಬೇಕು. ಇದನ್ನು ತೀರ್ಮಾನ ಮಾಡುವ ಅಧಿಕಾರ ಯಾವ ಊರಿನ ಕೋರ್ಟಿಗಿದೆ?

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಿಗೆ ಇದು ದೂರದ ಮಾತಲ್ಲ. ಮದುವೆ ಊರಲ್ಲಿ, ನೌಕರಿ ಬೆಂಗಳೂರಲ್ಲಿ, ಹೆರಿಗೆ ತವರಲ್ಲಿ, ಮಗುವಿನ ಶಾಲೆ ಮತ್ತೆ ಬೆಂಗಳೂರಲ್ಲಿ. ನಮ್ಮ ಎಷ್ಟೋ ಸಂಸಾರಗಳು ನಡೆಯುವುದೇ ಹೀಗೆ. ಎಲ್ಲ ಸರಿಯಿದ್ದಾಗ ಯಾರೂ ಇದನ್ನು ಲೆಕ್ಕ ಇಡುವುದಿಲ್ಲ. ಮುರಿದುಬಿದ್ದ ದಿನ ಮಾತ್ರ ಒಬ್ಬರು ಮಗುವನ್ನು ಕರೆದುಕೊಂಡು ಅರಕಲಗೂಡಿಗೋ ಕಡೂರಿಗೋ ಬಸ್ಸು ಹತ್ತುತ್ತಾರೆ. ಇನ್ನೊಬ್ಬರು ಬೆಂಗಳೂರಿನಲ್ಲೇ ಉಳಿಯುತ್ತಾರೆ. ಆಮೇಲೆ ನೋಟಿಸು ಬರುತ್ತದೆ. ಇಲ್ಲಿಂದ ಮುಂದೆ ಜಗಳ ಮಗುವಿನ ಬಗ್ಗೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಮೊದಲ ಹಲವು ವಾಯಿದೆಗಳು ಬರೀ ಊರಿನ ಬಗ್ಗೆ ಕಳೆದುಹೋಗುತ್ತವೆ.

ಜನರಲ್ಲಿ ಇರುವ ನಂಬಿಕೆಗಳಿಂದಲೇ ಶುರು ಮಾಡೋಣ. 'ಮದುವೆ ಆದ ಊರಲ್ಲೇ ಕೇಸು ಹಾಕಬೇಕು' ಅನ್ನುವವರಿದ್ದಾರೆ. 'ಮಗು ಅಪ್ಪನ ಮನೆಗೆ ಸೇರಿದ್ದು, ಹಾಗಾಗಿ ಅಪ್ಪನ ಊರಿನ ಕೋರ್ಟು' ಅನ್ನುವ ಹಿರಿಯರಿದ್ದಾರೆ. 'ತಾಯಿ ಎಲ್ಲಿರ್ತಾಳೋ ಅಲ್ಲೇ' ಅನ್ನುವವರೂ ಇದ್ದಾರೆ. ವಿಚ್ಛೇದನಕ್ಕೆ ಹೋದರೆ ಇದರಲ್ಲಿ ಒಂದೆರಡು ಮಾತು ಸರಿ. ಮಗುವಿನ ಪಾಲನೆಗೆ ಅಂತಲೇ ಹಾಕುವ ಅರ್ಜಿಗೆ ಮೂರೂ ಹೊಂದುವುದಿಲ್ಲ.

ಆ ಅರ್ಜಿ ನಡೆಯುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ. ವಕೀಲರ ಬಾಯಲ್ಲಿ ಇದು 'ಜಿ ಅಂಡ್ ಡಬ್ಲ್ಯೂ ಕೇಸು'. ಬ್ರಿಟಿಷರ ಕಾಲದ ಕಾಯ್ದೆಯಾದರೂ ಇವತ್ತಿಗೂ ಎಲ್ಲ ಧರ್ಮದವರಿಗೂ ಇದೇ ದಾರಿ. ಇದರ 9ನೇ ಕಲಂ ಹೇಳುವುದು ಇಷ್ಟೇ: ಅಪ್ರಾಪ್ತ ಮಗು ಸಾಮಾನ್ಯವಾಗಿ ವಾಸ ಮಾಡುವ ಜಾಗ ಯಾವ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಅರ್ಜಿ ಹಾಕಬೇಕು. ಕೌಟುಂಬಿಕ ನ್ಯಾಯಾಲಯ ಇರುವ ಕಡೆ 1984ರ ಕಾಯ್ದೆಯ ಪ್ರಕಾರ ಆ ಕೆಲಸ ಅದಕ್ಕೆ ಹೋಗುತ್ತದೆ. ಅಪ್ಪ ಎಲ್ಲಿದ್ದಾನೆ, ಅಮ್ಮ ಎಲ್ಲಿದ್ದಾಳೆ, ಮದುವೆ ಯಾವ ಛತ್ರದಲ್ಲಿ ಆಯಿತು ಅನ್ನುವುದನ್ನು ಈ ಕಲಂ ಕೇಳುವುದಿಲ್ಲ. ಮಗು ಎಲ್ಲಿ ವಾಸ ಅಂತ ಕೇಳುತ್ತದೆ.

ಆಸ್ತಿಯ ವಿಷಯ ಬೇರೆ. ಅಜ್ಜ ಮೊಮ್ಮಗಳ ಹೆಸರಿಗೆ ಮೂಡಿಗೆರೆ ಕಡೆ ಎರಡು ಎಕರೆ ಕಾಫಿ ತೋಟ ಬರೆದಿದ್ದಾರೆ, ಮಗು ಇರುವುದು ಬೆಂಗಳೂರಲ್ಲಿ ಅಂತಿಟ್ಟುಕೊಳ್ಳಿ. ಆ ತೋಟಕ್ಕೆ ಪೋಷಕರನ್ನು ನೇಮಿಸಿ ಅನ್ನುವ ಅರ್ಜಿಯನ್ನು ತೋಟ ಇರುವ ಚಿಕ್ಕಮಗಳೂರು ಜಿಲ್ಲೆಯಲ್ಲೂ ಹಾಕಬಹುದು, ಮಗು ಇರುವ ಬೆಂಗಳೂರಿನಲ್ಲೂ ಹಾಕಬಹುದು. ಮಗುವೇ ನನ್ನ ಹತ್ತಿರ ಇರಬೇಕು ಅನ್ನುವ ಅರ್ಜಿಯನ್ನು ಮಾತ್ರ ತೋಟ ತೋರಿಸಿ ಚಿಕ್ಕಮಗಳೂರಿಗೆ ತರಲಾಗದು. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿ ಹಾಕಿದರೆ ಎದುರುಗಡೆಯವರು ಮೊದಲ ದಿನವೇ ತಕರಾರು ತೆಗೆಯುತ್ತಾರೆ.

ಈಗ ಕಷ್ಟದ ಜಾಗಕ್ಕೆ ಬರೋಣ. ಮಗು ಸಾಮಾನ್ಯವಾಗಿ ವಾಸ ಮಾಡುವ ಜಾಗ ಅಂದರೆ ಯಾವುದು? ಎಷ್ಟು ದಿನ ಇದ್ದರೆ ವಾಸ? ಕಾಯ್ದೆಯಲ್ಲಿ ದಿನದ ಲೆಕ್ಕ ಇಲ್ಲ, ತಿಂಗಳ ಲೆಕ್ಕವೂ ಇಲ್ಲ.

ಹೀಗೊಂದು ಕುಟುಂಬ ಅಂದುಕೊಳ್ಳಿ. ಗಂಡ ಹೆಂಡತಿ ಆರೇಳು ವರ್ಷ ಬೆಂಗಳೂರಿನಲ್ಲಿದ್ದರು. ಹುಡುಗ ಅಲ್ಲೇ ಎಲ್‌ಕೆಜಿ ಸೇರಿ ಎರಡನೇ ಕ್ಲಾಸು ಮುಗಿಸಿದ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ವಾರ ತಾಯಿ ಅವನನ್ನು ಅರಕಲಗೂಡಿನ ತವರಿಗೆ ಕರೆತಂದರು. ಜೂನ್‌ನಲ್ಲಿ ವಾಪಸ್ ಹೋಗಲಿಲ್ಲ. ಹಾಸನದಲ್ಲಿ ಒಂದು ಬಾಡಿಗೆ ಮನೆ ಮಾಡಿದರು, ಖಾಸಗಿ ಕೆಲಸ ಹಿಡಿದರು, ಹುಡುಗನನ್ನು ಅಲ್ಲೇ ಮೂರನೇ ಕ್ಲಾಸಿಗೆ ಸೇರಿಸಿದರು. ತಂದೆ ಎಲ್ಲಿ ಅರ್ಜಿ ಹಾಕಬೇಕು?

ತಂದೆ ಮೇ ತಿಂಗಳಲ್ಲೇ ಬೆಂಗಳೂರಿನಲ್ಲಿ ಅರ್ಜಿ ಹಾಕಿದ್ದರೆ ಅವರ ವಾದ ಗಟ್ಟಿ. ಹುಡುಗ ರಜೆಗೆ ಅಜ್ಜಿ ಮನೆಗೆ ಬಂದಿದ್ದಾನೆ, ಅಷ್ಟೆ. ರಜೆಯ ವಾಸ ಯಾವ ಕೋರ್ಟಿಗೂ ವ್ಯಾಪ್ತಿ, ಅಂದರೆ ಕೇಸು ನಡೆಸುವ ಅಧಿಕಾರ, ತಂದುಕೊಡುವುದಿಲ್ಲ. ಎರಡು ವರ್ಷ ಸುಮ್ಮನಿದ್ದು ಆಮೇಲೆ ಬೆಂಗಳೂರಿನಲ್ಲಿ ಹಾಕಿದರೆ ಹಾಸನದ ಕಡೆಗೇ ತೂಕ ಜಾಸ್ತಿ. ಹುಡುಗನ ಶಾಲೆ, ಗೆಳೆಯರು, ಡಾಕ್ಟರು ಎಲ್ಲ ಹಾಸನದಲ್ಲಿದ್ದಾರೆ ಅಲ್ವಾ? ತೊಡಕಿರುವುದು ನಡುವಿನ ಕಾಲದಲ್ಲಿ. ಅಕ್ಟೋಬರ್‌ನಲ್ಲಿ ಹಾಕಿದರೆ? ಅರ್ಜಿ ಕೊಟ್ಟ ದಿನಕ್ಕೆ ಹುಡುಗ ಹಾಸನಕ್ಕೆ ಬಂದು ಐದಾರು ತಿಂಗಳು. ತಂದೆಯ ವಕೀಲರು 'ಹೇಳದೆ ಕೇಳದೆ ಕರೆದುಕೊಂಡು ಹೋದದ್ದು, ಇದು ವಾಸ ಅಲ್ಲ' ಅನ್ನುತ್ತಾರೆ. ತಾಯಿಯ ವಕೀಲರು 'ಮನೆ ಮಾಡಿ, ಶಾಲೆಗೆ ಸೇರಿಸಿ ನೆಲೆ ನಿಂತಿದ್ದಾರೆ, ಇದೇ ವಾಸ' ಅನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಹೈಕೋರ್ಟುಗಳ ತೀರ್ಪುಗಳು ಸಿಗುತ್ತವೆ.

ಇಲ್ಲಿ ಸುಪ್ರೀಂ ಕೋರ್ಟಿನ 2011ರ ರುಚಿ ಮಾಜೂ ಪ್ರಕರಣ ಓದಲೇಬೇಕು. ತಂದೆ ತಾಯಿ ಅಮೆರಿಕದಲ್ಲಿದ್ದರು. ತಾಯಿ ಮಗನೊಂದಿಗೆ ಭಾರತಕ್ಕೆ ಬಂದು ದೆಹಲಿಯಲ್ಲಿ ನೆಲೆಸಿದರು, ಮಗ ಅಲ್ಲೇ ಶಾಲೆಗೆ ಸೇರಿದ. ದೆಹಲಿ ಕೋರ್ಟಿಗೆ ವ್ಯಾಪ್ತಿ ಇಲ್ಲ ಎಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಗು ಎಲ್ಲಿ ವಾಸ ಅನ್ನುವುದು ಮುಖ್ಯವಾಗಿ ಆಯಾ ಪ್ರಕರಣದ ಸಂಗತಿ ನೋಡಿ ಹೇಳಬೇಕಾದ ವಿಷಯ, ಅಲ್ಲಿ ನೆಲೆಸುವ ಇರಾದೆ ಇತ್ತೇ ಅಂತಲೂ ನೋಡಬೇಕು ಎಂದಿತು. ಆ ಕೇಸಿನಲ್ಲಿ ತೂಕಕ್ಕೆ ಬಂದ ಒಂದು ಸಂಗತಿಯನ್ನು ನಮ್ಮ ಕಡೆಯವರು ಗಮನಿಸಬೇಕು. ಮಗ ದೆಹಲಿಯಲ್ಲಿ ಇರಲಿ ಎಂದು ತಂದೆ ಒಪ್ಪಿದ್ದನ್ನು ತೋರಿಸುವ ಪತ್ರ, ಇಮೇಲ್‌ಗಳಿದ್ದವು. ಒತ್ತಡಕ್ಕೆ ಸಿಕ್ಕಿ ಬರೆದೆ ಅಂತ ತಂದೆ ವಾದಿಸಿದರೂ ನಿಲ್ಲಲಿಲ್ಲ.

ಇನ್ನೊಂದು ಕಡೆ 2019ರ ಲಹರಿ ಸಖಮೂರಿ ಪ್ರಕರಣ ಇದೆ. ಮಕ್ಕಳು ಅಮೆರಿಕದಲ್ಲೇ ಹುಟ್ಟಿ ಬೆಳೆದವರು, ಅಲ್ಲಿನ ಪ್ರಜೆಗಳು. ತಾಯಿ ಅವರನ್ನು ಹೈದರಾಬಾದಿಗೆ ಕರೆತಂದು ಸ್ವಲ್ಪ ದಿನದಲ್ಲೇ ಅಲ್ಲಿ ಅರ್ಜಿ ಹಾಕಿದರು. ಮಕ್ಕಳ ವಾಸ ಹೈದರಾಬಾದ್ ಅಲ್ಲ, ಆ ಕೋರ್ಟಿಗೆ ವ್ಯಾಪ್ತಿ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರೆತಂದು ಕೂರಿಸಿದ ಮಾತ್ರಕ್ಕೆ ಅದು ಮಗುವಿನ ಊರಾಗುವುದಿಲ್ಲ. ನೆಲೆ ನಿಂತ ಮೇಲೆ ಆಗಬಹುದು. ಇವೆರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ಪ್ರತಿ ಕೇಸಿನಲ್ಲೂ ಹೊಸದಾಗಿ ಹುಡುಕಬೇಕು.

ಹುಡುಕುವುದು ಕಾಗದಗಳಲ್ಲಿ. ಯಾವ ಕಾಗದ ಅಂತ ಹತ್ತಿರದಿಂದ ನೋಡಿದರೆ ವಿಷಯ ಚೆನ್ನಾಗಿ ಅರ್ಥವಾಗುತ್ತದೆ. ಚಿಕ್ಕ ಮಗುವಾದರೆ ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದು ಹಾಕಿಸಿದ ಆಸ್ಪತ್ರೆ, ತಾರೀಖು ಇರುತ್ತದೆ. ಮೂರು ವರ್ಷ ದಾಟಿದ್ದರೆ ಅಂಗನವಾಡಿಯ ಹಾಜರಿ ಪುಸ್ತಕ. ಶಾಲೆಗೆ ಹೋಗುತ್ತಿದ್ದರೆ ವ್ಯಾಸಂಗ ಪ್ರಮಾಣಪತ್ರ, ಟೀಸಿ, ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್. ಯಾವ ತಿಂಗಳಲ್ಲಿ ಮಗು ಯಾವ ಶಾಲೆಯಿಂದ ಯಾವ ಶಾಲೆಗೆ ಹೋಯಿತು ಅಂತ ಸ್ಯಾಟ್ಸ್ ನೋಡಿದರೆ ತಿಳಿಯುತ್ತದೆ. ಬಾಡಿಗೆ ಕರಾರು, ಗ್ಯಾಸ್ ಪುಸ್ತಕ, ಶಾಲಾ ವಾಹನದ ರಸೀದಿ ಕೂಡ ಕೆಲಸಕ್ಕೆ ಬರುತ್ತವೆ. ಆಧಾರ್ ವಿಳಾಸವೊಂದನ್ನೇ ನಂಬಿಕೊಂಡು ಕೂರಬಾರದು. ಹತ್ತು ವರ್ಷ ಹಳೆಯ ವಿಳಾಸ ಹಾಗೇ ಉಳಿದಿರುವ ಆಧಾರ್ ಕಾರ್ಡು ಎಷ್ಟು ಮನೆಯಲ್ಲಿಲ್ಲ?

ಇನ್ನು ಫೋನು. ತಂದೆ ಜೂನ್‌ನಲ್ಲಿ ವಾಟ್ಸಾಪ್‌ನಲ್ಲಿ 'ಆಯ್ತು, ಈ ವರ್ಷ ಅಲ್ಲೇ ಓದಲಿ, ಫೀಸು ನಾನು ಕಟ್ತೀನಿ' ಅಂತ ಬರೆದಿದ್ದರೆ, ಆ ಒಂದು ಸಾಲು ಅಕ್ಟೋಬರ್‌ನಲ್ಲಿ ಅವರಿಗೇ ತಿರುಗಿಬೀಳುತ್ತದೆ. ತಾಯಿ 'ರಜೆ ಮುಗಿದ ಮೇಲೆ ಕಳಿಸ್ತೀನಿ' ಅಂತ ಬರೆದಿದ್ದರೆ ಅದು ತಾಯಿಗೆ ತಿರುಗಿಬೀಳುತ್ತದೆ. ಇಂಥ ಸಂದೇಶವನ್ನು ಕೋರ್ಟಿಗೆ ಕೊಡುವಾಗ ಬರೀ ಸ್ಕ್ರೀನ್‌ಶಾಟ್ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.

ಶಾಲೆಯ ಬಗ್ಗೆ ಒಂದು ಮಾತು ಹೇಳಬೇಕು. 'ಅಪ್ಪನ ಸಹಿ ಇಲ್ಲದೆ ಹೇಗೆ ಸೇರಿಸಿಕೊಂಡಿರಿ' ಅಂತ ತಂದೆಯ ಕಡೆಯವರು ಮುಖ್ಯ ಶಿಕ್ಷಕರ ಮೇಲೆ ರೇಗುವುದುಂಟು. 'ಟೀಸಿ ಇಲ್ಲದೆ ಸೇರಿಸಿಕೊಳ್ಳಲ್ಲ' ಅಂತ ಕೆಲವು ಶಾಲೆಯವರು ತಾಯಿಯನ್ನು ವಾಪಸ್ ಕಳಿಸುವುದೂ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಇದರಲ್ಲಿ ಸ್ಪಷ್ಟ. ಟೀಸಿ ತಡವಾಯಿತು ಅನ್ನುವ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಮಗುವಿನ ಪ್ರವೇಶ ತಡೆಯುವಂತಿಲ್ಲ. ಇದು ಸರಿಯಾದ ನಿಯಮ. ದೊಡ್ಡವರ ಜಗಳ ಮುಗಿಯುವವರೆಗೆ ಮಗು ಮನೆಯಲ್ಲಿ ಕೂರಬೇಕಾಗಿಲ್ಲ. ಆದರೆ ಇದರಿಂದ ಒಂದು ಅಡ್ಡ ಪರಿಣಾಮವೂ ಇದೆ. ಮಗುವನ್ನು ತನ್ನ ಕಡೆ ಇಟ್ಟುಕೊಂಡಿರುವವರು ಅದನ್ನು ಬೇಗ ಹೊಸ ಶಾಲೆಗೆ ಸೇರಿಸಬಹುದು, ಆ ಪ್ರವೇಶವೇ ನಾಳೆ ವಾಸದ ಸಾಕ್ಷಿಯಾಗುತ್ತದೆ.

ನನಗೆ ಈ ಇಡೀ ವ್ಯವಸ್ಥೆಯಲ್ಲಿ ಸಹಿಸಲಾಗದ ಭಾಗ ಇದು. ಯಾರು ಮೊದಲು ಮಗುವನ್ನು ಎತ್ತಿಕೊಂಡು ಹೋದರೋ, ಯಾರು ಜಾಸ್ತಿ ದಿನ ತಳ್ಳಿದರೋ ಅವರ ಊರೇ ಮಗುವಿನ ಊರಾಗುವ ಅವಕಾಶ ಇದೆ. ಸಮಯ ಎಳೆದಷ್ಟೂ ಇಟ್ಟುಕೊಂಡವರಿಗೆ ಲಾಭ. ನ್ಯಾಯವಾಗಿ ನಡೆದುಕೊಂಡು, 'ಇರಲಿ, ಹಿರಿಯರನ್ನು ಕೂರಿಸಿ ಮಾತಾಡೋಣ' ಅಂತ ಕಾದವರಿಗೆ ನಷ್ಟ. ನಮ್ಮ ಕಡೆ ಮನೆ ಜಗಳಕ್ಕೆ ಮೊದಲು ನಾಲ್ಕು ಜನ ಹಿರಿಯರು ಕೂರುವುದು ಒಳ್ಳೆಯ ರೂಢಿಯೇ. ಆ ಮಾತುಕತೆಯಲ್ಲಿ ಕಳೆದ ಆರು ತಿಂಗಳು ಕೋರ್ಟಿನಲ್ಲಿ ಕಾದವರ ವಿರುದ್ಧವೇ ಎಣಿಕೆಯಾಗುವುದು ತಪ್ಪಲ್ಲವಾ?

ಇದು ತಾಯಂದಿರ ಮೇಲಿನ ದೂರಲ್ಲ. ಹೊಡೆತ ತಾಳಲಾರದೆ ರಾತ್ರೋರಾತ್ರಿ ಮಗುವಿನೊಂದಿಗೆ ತವರಿಗೆ ಬಂದ ಹೆಣ್ಣುಮಗಳನ್ನು 'ಮಗು ಎತ್ತಿಕೊಂಡು ಓಡಿಬಂದವಳು' ಅಂತ ಕರೆಯುವುದು ಅನ್ಯಾಯ. ಹಾಗೇ ಬೇಸಿಗೆ ರಜೆಗೆ ಅಂತ ಮಗುವನ್ನು ಕೊಪ್ಪದ ಅಜ್ಜ ಅಜ್ಜಿಯ ಮನೆಗೆ ಕರೆದುಕೊಂಡು ಹೋಗಿ, ಜೂನ್ ಬಂದರೂ ವಾಪಸ್ ಕಳಿಸದ ತಂದೆಯರೂ ಇದ್ದಾರೆ. ಆ ತಾಯಿ ಪೊಲೀಸ್ ಠಾಣೆಗೆ ಹೋದರೆ 'ಅಪ್ಪನ ಹತ್ತಿರಾನೇ ಇದೆಯಲ್ಲಮ್ಮ, ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ' ಅನ್ನುವ ಉತ್ತರ ಸಿಗುವುದು ಮಾಮೂಲಿ.

ಹಾಗಿದ್ದರೆ ಹೈಕೋರ್ಟಿಗೆ ನೇರವಾಗಿ ಹೋಗಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟಿನ ಮುಂದೆ ತರಿಸಿ ಅನ್ನುವ ಅರ್ಜಿ, ಹಾಕಬಹುದಾ? ಹಾಸನ, ಚಿಕ್ಕಮಗಳೂರು ಎರಡೂ ಬೆಂಗಳೂರು ಪ್ರಧಾನ ಪೀಠದ ಅಡಿ ಬರುತ್ತವೆ, ಹಾಗಾಗಿ ಮಗು ರಾಜ್ಯದೊಳಗೆ ಇದ್ದರೆ ಊರಿನ ತಕರಾರು ಅಲ್ಲಿ ಅಷ್ಟಾಗಿ ಇಲ್ಲ. 2019ರ ತೇಜಸ್ವಿನಿ ಗೌಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಿತಿ ಹಾಕಿದೆ. ಮಗುವನ್ನು ಇಟ್ಟುಕೊಂಡಿರುವುದು ಕಾನೂನಿನ ಆಧಾರವೇ ಇಲ್ಲದೆ ಅಂತ ತೋರಿಸಬೇಕು. ಯಾರಿಗೆ ಕೊಟ್ಟರೆ ಒಳ್ಳೆಯದು ಅಂತ ವಿವರವಾಗಿ ಸಾಕ್ಷಿ ನೋಡಬೇಕಾದ ಕೇಸನ್ನು ಕೆಳಗಿನ ಕೋರ್ಟಿಗೇ ಕಳಿಸುತ್ತಾರೆ. ಹಾಲು ಕುಡಿಯುವ ಕೂಸನ್ನು ತಾಯಿಯಿಂದ ಕಿತ್ತುಕೊಂಡಂಥ ಪ್ರಸಂಗಕ್ಕೆ ಈ ದಾರಿ ಬೇಕೇ ಬೇಕು. ಎಲ್ಲದಕ್ಕೂ ಅದನ್ನೇ ನಂಬಿದರೆ ದುಡ್ಡು, ಸಮಯ ಎರಡೂ ಹೋಗುತ್ತವೆ.

ಇಷ್ಟು ಹೊತ್ತು ಹೇಳಿದ್ದು 9ನೇ ಕಲಮಿನ ಕಥೆ. ತೊಡಕು ಇನ್ನೂ ಇದೆ, ಯಾಕೆಂದರೆ ಮಗುವಿನ ವಿಷಯ ಬೇರೆ ಬಾಗಿಲುಗಳಿಂದಲೂ ಕೋರ್ಟಿನೊಳಗೆ ಬರುತ್ತದೆ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಕೇಸು ನಡೆಯುತ್ತಿದ್ದರೆ, ಅದೇ ಕೋರ್ಟಿನಲ್ಲಿ 26ನೇ ಕಲಂ ಪ್ರಕಾರ ಮಗುವಿನ ಬಗ್ಗೆ ಆದೇಶ ಕೇಳಬಹುದು. ಆ ವಿಚ್ಛೇದನದ ಕೇಸು ಮದುವೆ ಆದ ಊರಲ್ಲಿ ಹಾಕಬಹುದು, ಕೊನೆಯದಾಗಿ ಜೊತೆಗಿದ್ದ ಊರಲ್ಲಿ ಹಾಕಬಹುದು, ಎದುರು ಪಕ್ಷದವರು ಇರುವ ಊರಲ್ಲಿ ಹಾಕಬಹುದು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನೇ ಅರ್ಜಿದಾರಳಾದರೆ ತಾನು ಇರುವ ಊರಲ್ಲೂ ಹಾಕಬಹುದು. ಕೌಟುಂಬಿಕ ದೌರ್ಜನ್ಯದ ಕೇಸು ಹಾಕಿದ ಹೆಣ್ಣುಮಗಳಿಗೆ 2005ರ ಕಾಯ್ದೆಯ 21ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಪಾಲನೆ ಕೊಡಬಹುದು. ಆಕೆ ತಾತ್ಕಾಲಿಕವಾಗಿ ಉಳಿದಿರುವ ಊರಿನ ಕೋರ್ಟಿಗೂ ಆ ಅಧಿಕಾರ ಇದೆ, ಅಲ್ಲಿನ ಆದೇಶ ದೇಶದಾದ್ಯಂತ ನಡೆಯುತ್ತದೆ. ಜೀವನಾಂಶದ ಅರ್ಜಿಗೆ ಮತ್ತೆ ಅದರದೇ ನಿಯಮ.

ಹೀಗಾಗಿ ಒಂದೇ ಸಂಸಾರ, ಮೂರು ಕೇಸು, ಮೂರು ಊರು. ತಂದೆಯ ಕಸ್ಟಡಿ ಅರ್ಜಿ ಬೆಂಗಳೂರಲ್ಲಿ, ತಾಯಿಯ ವಿಚ್ಛೇದನ ಹಾಸನದಲ್ಲಿ, ಕೌಟುಂಬಿಕ ದೌರ್ಜನ್ಯದ ಕೇಸು ಅರಕಲಗೂಡಿನಲ್ಲಿ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರು. ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಹೆಸರು ಕೂಗುವಾಗ ಇರಬೇಕಾದರೆ ಬೆಳಗಿನ ಜಾವದ ಬಸ್ಸು ಹಿಡಿಯಬೇಕು. ಶೃಂಗೇರಿ, ಕಳಸದ ಕಡೆಯವರಾದರೆ ಹಿಂದಿನ ರಾತ್ರಿಯೇ ಹೊರಡಬೇಕು. 'ಸಾಹೇಬರು ರಜೆ' ಅಂತ ಮುಂದಿನ ತಾರೀಖು ಬರೆದುಕೊಂಡು ವಾಪಸ್ ಬರುವ ದಿನವೂ ಕೆಲಸದ ಕೂಲಿ ಹೋಗಿರುತ್ತದೆ.

ಇದಕ್ಕೆ ಕಾನೂನಿನಲ್ಲಿ ಮದ್ದು ಇಲ್ಲ ಅಂತಲ್ಲ. ಒಂದೇ ಮಗುವಿನ ಬಗ್ಗೆ ಎರಡು ಕೋರ್ಟಿನಲ್ಲಿ ಗಾರ್ಡಿಯನ್ಸ್ ಕಾಯ್ದೆಯ ಅರ್ಜಿ ಇದ್ದರೆ, ವಿಷಯ ಗೊತ್ತಾದ ಕೂಡಲೇ ಎರಡೂ ಕೋರ್ಟುಗಳು ತಮ್ಮ ಮುಂದಿನ ವಿಚಾರಣೆ ನಿಲ್ಲಿಸಬೇಕು ಅಂತ 14ನೇ ಕಲಂ ಹೇಳುತ್ತದೆ. ಎರಡೂ ಒಂದೇ ಹೈಕೋರ್ಟಿನ ಕೆಳಗಿದ್ದರೆ ಎಲ್ಲಿ ನಡೆಯಬೇಕು ಅಂತ ಹೈಕೋರ್ಟ್ ತೀರ್ಮಾನಿಸುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಪ್ರಕಾರ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಕೇಸು ವರ್ಗ ಮಾಡಿಸಿಕೊಳ್ಳಲು ಹೈಕೋರ್ಟನ್ನು ಕೇಳಬಹುದು. ಮದುವೆ ಸಂಬಂಧದ ಕೇಸುಗಳ ವರ್ಗಾವಣೆಯಲ್ಲಿ ಸಾಮಾನ್ಯವಾಗಿ ಹೆಂಡತಿಯ ಅನುಕೂಲ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಐಶ್ವರ್ಯಾ ಪ್ರಕರಣದಲ್ಲಿ ಹೇಳಿದೆ.

ವರ್ಗಾವಣೆಯನ್ನೂ ವ್ಯಾಪ್ತಿಯನ್ನೂ ಒಂದೇ ಅಂತ ತಿಳಿಯಬೇಡಿ. ವರ್ಗಾವಣೆ ಕೇಳುವವರು 'ಈ ಕೋರ್ಟಿಗೆ ಅಧಿಕಾರ ಇದೆ, ಆದರೆ ನನಗೆ ಬಂದು ಹೋಗುವುದು ಕಷ್ಟ' ಅನ್ನುತ್ತಾರೆ. ವ್ಯಾಪ್ತಿಯ ತಕರಾರು ಎತ್ತುವವರು 'ಈ ಕೋರ್ಟಿಗೆ ಅಧಿಕಾರವೇ ಇಲ್ಲ' ಅನ್ನುತ್ತಾರೆ. ಎರಡನೆಯದನ್ನು ಮೊದಲ ಆಕ್ಷೇಪಣೆಯಲ್ಲೇ ಹೇಳಬೇಕು. ಸಾಕ್ಷಿ ವಿಚಾರಣೆ ಎಲ್ಲ ಮುಗಿಸಿ, ತೀರ್ಪು ತಮ್ಮ ವಿರುದ್ಧ ಬಂದ ಮೇಲೆ ಊರಿನ ಮಾತು ತೆಗೆದರೆ ಮೇಲಿನ ಕೋರ್ಟು ಕಿವಿಗೊಡುವುದು ಕಷ್ಟ. ವ್ಯಾಪ್ತಿ ಇಲ್ಲ ಅಂತ ಕೋರ್ಟು ಒಪ್ಪಿದರೆ ಅರ್ಜಿ ಸತ್ತುಹೋಗಬೇಕು ಅಂತಲೂ ಇಲ್ಲ. ಸರಿಯಾದ ಕೋರ್ಟಿನಲ್ಲಿ ಕೊಡಿ ಎಂದು ವಾಪಸ್ ಕೊಡಬಹುದು.

ಇನ್ನೊಂದು ಗೊಂದಲ. ಹಾಸನದ ಕೋರ್ಟೇ ಕೇಸು ನಡೆಸಬೇಕು ಅಂತ ಆದೇಶ ಆದರೆ ತಾಯಿಯ ಕಡೆಯವರು ಗೆದ್ದೆವು ಅಂದುಕೊಳ್ಳುತ್ತಾರೆ. ಅದು ಮಗು ಯಾರಿಗೆ ಅನ್ನುವುದರ ತೀರ್ಪಲ್ಲ. ಹಾಸನದ ನ್ಯಾಯಾಧೀಶರು ಸಾಕ್ಷಿ ನೋಡಿ ಮಗುವನ್ನು ತಂದೆಗೆ ಕೊಡಬಹುದು, ಬೆಂಗಳೂರಿನವರು ತಾಯಿಗೆ ಕೊಡಬಹುದು. 1956ರ ಹಿಂದೂ ಅಪ್ರಾಪ್ತರ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಅನ್ನುತ್ತದೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೋರ್ಟು ಕೇಳಬಹುದು. ಈ ನಿಯಮಗಳು ಎಲ್ಲ ಊರಿಗೂ ಒಂದೇ. ಅಂದಮೇಲೆ ಊರಿಗಾಗಿ ವರ್ಷಗಟ್ಟಲೆ ಬಡಿದಾಡುವುದರಿಂದ ಯಾರಿಗೆ ಏನು ಸಿಗುತ್ತದೆ? ಸಿಗುವುದು ಸಮಯ. ಆ ಸಮಯದಲ್ಲಿ ಮಗು ಒಬ್ಬರಿಗೆ ಒಗ್ಗಿಹೋಗಿರುತ್ತದೆ, ಇನ್ನೊಬ್ಬರ ಮುಖ ಮರೆಯುತ್ತಾ ಬಂದಿರುತ್ತದೆ.

ಕಾಫಿ ತೋಟಗಳ ಲೈನ್ ಮನೆಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಸಕಲೇಶಪುರ, ಮೂಡಿಗೆರೆ ಸುತ್ತ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಎಷ್ಟೋ ಕುಟುಂಬಗಳು ದುಡಿಯುತ್ತಿವೆ. ಹಣ್ಣು ಕೊಯ್ಯುವ ಕಾಲಕ್ಕೆ ಒಂದು ತೋಟ, ಆಮೇಲೆ ಇನ್ನೊಂದು. ಅಲ್ಲಿನ ತಾಯಿಯೊಬ್ಬಳಿಗೆ ಬಾಡಿಗೆ ಕರಾರು ಇಲ್ಲ, ಮಗುವಿಗೆ ಟೀಸಿ ಇಲ್ಲ, ಆಧಾರ್ ಊರಿನ ವಿಳಾಸದಲ್ಲಿದೆ. ಗಂಡ ಜಗಳ ಮಾಡಿಕೊಂಡು ಮಗುವಿನೊಂದಿಗೆ ರೈಲು ಹತ್ತಿದರೆ ಆಕೆ ಎಲ್ಲಿ ಅರ್ಜಿ ಹಾಕಬೇಕು? ಮಗುವಿನ ವಾಸ ಇಲ್ಲೇ ಇತ್ತು ಅಂತ ತೋರಿಸಲು ಆಕೆಗೆ ಉಳಿದಿರುವುದು ಅಂಗನವಾಡಿ ಹಾಜರಿ, ತೋಟದ ಕೂಲಿ ಪಟ್ಟಿ, ಪಕ್ಕದ ಲೈನಿನವರ ಮಾತು. ಕೇಸು ಬೇರೆ ರಾಜ್ಯದಲ್ಲಿ ದಾಖಲಾಗಿಬಿಟ್ಟರೆ ಅದನ್ನು ಇಲ್ಲಿಗೆ ತರಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಕಾಗದ ಇದ್ದವರಿಗೆ ಕಷ್ಟವಾದ ಕಾನೂನು ಕಾಗದ ಇಲ್ಲದವರಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಕಾಯ್ದೆ ಕೊಟ್ಟಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು, ಸಹಾಯವಾಣಿ 15100. ಈ ನಂಬರು ಲೈನ್ ಮನೆಗಳ ಗೋಡೆಯ ಮೇಲೆ, ಆಕೆ ಓದಬಲ್ಲ ಭಾಷೆಯಲ್ಲಿ ಇರಬೇಕು.

ವಿದೇಶದ ಕೇಸುಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದು ದೇಶದಿಂದ ಇನ್ನೊಂದಕ್ಕೆ ಮಗುವನ್ನು ಕರೆದೊಯ್ದರೆ ಬೇಗ ವಾಪಸ್ ಕಳಿಸಬೇಕು ಅನ್ನುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿದೇಶದ ಕೋರ್ಟಿನ ಆದೇಶವನ್ನು ನಮ್ಮ ಕೋರ್ಟುಗಳು ಗಣನೆಗೆ ತೆಗೆದುಕೊಂಡರೂ ಕೊನೆಯ ಮಾತು ಮಗುವಿನ ಹಿತದ್ದೇ ಎಂದು 2017ರ ನಿತ್ಯಾ ಆನಂದ್ ರಾಘವನ್ ತೀರ್ಪು ಹೇಳಿದೆ.

ಪರಿಹಾರದ ಮಾತಿಗೆ ಬಂದರೆ, ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳು ಒಪ್ಪಿಕೊಂಡಿರುವ ಒಂದು ನಿಯಮ ನನಗೆ ಹಿಡಿಸಿದೆ. ಅರ್ಜಿ ಹಾಕುವ ಹಿಂದಿನ ಆರು ತಿಂಗಳು ಮಗು ಸತತವಾಗಿ ತಂದೆಯೊಂದಿಗೋ ತಾಯಿಯೊಂದಿಗೋ ಎಲ್ಲಿತ್ತೋ ಅದೇ ಅದರ ರಾಜ್ಯ. ಮಗುವನ್ನು ಬೇರೆ ಕಡೆ ಕರೆದುಕೊಂಡು ಹೋಗಿದ್ದರೂ ಒಬ್ಬ ಪೋಷಕರು ಹಳೆಯ ಜಾಗದಲ್ಲೇ ಉಳಿದಿದ್ದರೆ, ಇನ್ನೂ ಆರು ತಿಂಗಳವರೆಗೆ ಹಳೆಯ ಜಾಗದ ಕೋರ್ಟಿಗೇ ಅಧಿಕಾರ. ಹಿಂಸೆಯಿಂದ ತಪ್ಪಿಸಿಕೊಂಡು ಬಂದವರಿಗೆ ತುರ್ತು ರಕ್ಷಣೆ ಕೊಡುವ ಅಧಿಕಾರ ಹೊಸ ಜಾಗದ ಕೋರ್ಟಿಗೂ ಇರುತ್ತದೆ. ನಮ್ಮ 9ನೇ ಕಲಮಿಗೆ ಇಂಥದ್ದೊಂದು ಕಾಲಮಿತಿ ಸೇರಿಸಿದರೆ ಮೇಲೆ ಹೇಳಿದ ಅರಕಲಗೂಡಿನ ಕುಟುಂಬದ ಪ್ರಶ್ನೆಗೆ ಒಂದೇ ವಾಯಿದೆಯಲ್ಲಿ ಉತ್ತರ ಸಿಗಬಹುದು. ಹಿರಿಯರ ಜೊತೆ ಮಾತಾಡಿಕೊಂಡು ಕಾದವರಿಗೂ ಎಷ್ಟು ದಿನ ಕಾಯಬಹುದು ಅಂತ ಗೊತ್ತಿರುತ್ತದೆ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆ, ಭೇಟಿ, ಮಧ್ಯಸ್ಥಿಕೆಗಾಗಿ ಇದೇ 1890ರ ಕಾಯ್ದೆಗೆ ಹೊಸ ಅಧ್ಯಾಯ ಸೇರಿಸಲು ಶಿಫಾರಸು ಮಾಡಿತ್ತು. ಅದೂ ಕಾನೂನಾಗಲಿಲ್ಲ.

ಸಂಸತ್ತು ಬದಲಾಯಿಸುವವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಊರಿನ ತಕರಾರು ಇತ್ಯರ್ಥ ಆಗುವವರೆಗೆ ಮಗುವಿನ ಭೇಟಿಯನ್ನೂ ತಡೆಹಿಡಿಯುವ ರೂಢಿ ನಿಲ್ಲಬೇಕು. ಮಗುವನ್ನು ಹಾಜರುಪಡಿಸಲು, ತಾತ್ಕಾಲಿಕ ವ್ಯವಸ್ಥೆ ಮಾಡಲು ಗಾರ್ಡಿಯನ್ಸ್ ಕಾಯ್ದೆಯ 12ನೇ ಕಲಂ ಅಧಿಕಾರ ಕೊಡುತ್ತದೆ. ವ್ಯಾಪ್ತಿಯ ಪ್ರಶ್ನೆ ಬಾಕಿ ಇರುವಾಗ ಸಿವಿಲ್ ಕೋರ್ಟು ಮಾಡಿದ ಮಧ್ಯಂತರ ಆದೇಶವನ್ನು ಪಾಲಿಸಲೇಬೇಕು, ಮುಂದೆ ವ್ಯಾಪ್ತಿ ಇಲ್ಲ ಅಂತ ಆದರೂ ಅಲ್ಲಿಯವರೆಗಿನ ಉಲ್ಲಂಘನೆಗೆ ಶಿಕ್ಷೆ ತಪ್ಪದು ಎಂದು ಸುಪ್ರೀಂ ಕೋರ್ಟ್ 1997ರ ತಯ್ಯಬ್‌ಭಾಯಿ ಪ್ರಕರಣದಲ್ಲಿ ಹೇಳಿದೆ. ಅದು ಮಕ್ಕಳ ಕೇಸಲ್ಲ, ಆದರೆ ತತ್ವ ಇಲ್ಲಿಗೂ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. 2020ರ ಯಶಿತಾ ಸಾಹು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಗುವಿಗೆ ಇಬ್ಬರ ಪ್ರೀತಿಯೂ ಸಿಗಬೇಕು, ದೂರದಲ್ಲಿರುವ ತಂದೆ ಅಥವಾ ತಾಯಿಗೆ ವಿಡಿಯೋ ಕಾಲ್ ಮೂಲಕ ಮಾತಾಡುವ ಅವಕಾಶ ಇರಬೇಕು ಎಂದಿದೆ.

ಹಾಗಾಗಿ ವಕೀಲರ ಹತ್ತಿರ ಹೋದ ಮೊದಲ ದಿನವೇ ಎರಡು ಮಧ್ಯಂತರ ಅರ್ಜಿಗಳನ್ನು ಒಟ್ಟಿಗೆ ಬರೆಸಿ: ಒಂದು ವ್ಯಾಪ್ತಿಯ ಬಗ್ಗೆ, ಇನ್ನೊಂದು ಭೇಟಿಯ ಬಗ್ಗೆ. ಎರಡನ್ನೂ ಒಂದೇ ದಿನ ಕೇಳಿ ಎಂದು ನ್ಯಾಯಾಧೀಶರನ್ನು ಕೋರಿ. ಭೇಟಿಯ ಅರ್ಜಿಯಲ್ಲಿ ಸುಮ್ನೆ 'ಭೇಟಿಗೆ ಅವಕಾಶ ಕೊಡಿ' ಅಂತ ಬರೆಯಬೇಡಿ. ಯಾವ ವಾರ, ಎಷ್ಟು ಗಂಟೆ, ಯಾವ ಜಾಗ, ಮಗುವನ್ನು ಕರೆತರುವವರು ಯಾರು, ಬಸ್ ಖರ್ಚು ಯಾರದು, ವಿಡಿಯೋ ಕಾಲ್ ಯಾವ ದಿನ ಎಷ್ಟು ಹೊತ್ತಿಗೆ, ಎಲ್ಲ ಬರೆದುಕೊಡಿ. ಹಾಸನದಲ್ಲಿರುವ ಮಗುವನ್ನು ಭಾನುವಾರ ಬೆಂಗಳೂರಿಗೆ ಕಳಿಸಿಕೊಡಿ ಅನ್ನುವುದಕ್ಕಿಂತ ತಂದೆಯೇ ಹಾಸನಕ್ಕೆ ಬರುತ್ತೇನೆ ಅಂತ ಬರೆದುಕೊಟ್ಟರೆ ಆದೇಶ ಸಿಗುವ ಸಾಧ್ಯತೆ ಜಾಸ್ತಿ.